ಒರೆಸುವ ಬಟ್ಟೆ

ಪ್ರೆಸ್ಸಿಗೆ ಸೇರಿದ ಮೊದಲ ವಾರ ಕಲಿತದ್ದು,
ಕಾಗದ ಎಣಿಸುವಾಗ ಬೆರಳಿಗೆ ಎಂಜಲು ಹಚ್ಚಬಾರದು.
ಮೂಲೆ ಹಿಡಿದು ಬೀಸಣಿಗೆಯ ಹಾಗೆ ಬಿಡಿಸಿ
ಐದೈದು ಹಾಳೆ ಹೆಬ್ಬೆರಳಲ್ಲಿ ಜಾರಿಸಬೇಕು.
ಆಮೇಲೆ ಕಲಿತದ್ದು, ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ.
ಮರೆತರೆ ಸಂತೇಪೇಟೆಯ ಜಿರಲೆಗಳೆಲ್ಲ ಬಂದು
ರಸೀದಿ ಪುಸ್ತಕದ ಬೆನ್ನು ತಿಂದು ಹೋಗುತ್ತವೆ.

ಪುಟ್ಟಸ್ವಾಮಾಚಾರ್ರು ಹೆಚ್ಚು ಮಾತಾಡುವವರಲ್ಲ.
"ನೋಡ್ಕಮ್ಮ" ಅನ್ನುತ್ತಿದ್ದರು, ಅಷ್ಟೇ ಪಾಠ.
ನೋಡಿಕೊಂಡೆ.
ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರು ತಪ್ಪಾದರೆ
ನಕ್ಕು ಸುಮ್ಮನಾಗುತ್ತಾರೆ,
ಸೋದರಮಾವನ ಡಿಗ್ರಿ ಬಿಟ್ಟುಹೋದರೆ
ಇಡೀ ಕಟ್ಟು ವಾಪಸು ಬರುತ್ತದೆ.
ಆಲೂಗೆಡ್ಡೆ ಮಂಡಿಯ ಬಿಲ್ಲಿನಲ್ಲಿ ಐದನೇ ಕಾಲಂ ಒಂದಿದೆ,
ಅದಕ್ಕೆ ತಲೆಬರಹ ಹಾಕಬಾರದು.
ತಿಥಿ ಕಾರ್ಡಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ನಂಬರಿಂಗ್ ಮಿಷನ್ನಿನ ಪುಟ್ಟ ಹಲ್ಲುಗಳು
ಒಂದು ಒತ್ತಿಗೆ ಒಂದು ಮುಂದೆ.
ತಾವಾಗಿ ಹಿಂದಕ್ಕೆ ಹೋಗುವುದಿಲ್ಲ.
ಹಿಂದಕ್ಕೆ ಹೋಗಲು ಹಿತ್ತಾಳೆ ಕಡ್ಡಿ ಬೇಕು,
ಕಡ್ಡಿ ಹಿಡಿಯುವ ಮನುಷ್ಯ ಬೇಕು.

ಆ ಟ್ರಸ್ಟಿನದು
(ಹೆಸರು ಬೇಡ, ಹೆಸರಿನಲ್ಲಿ ಒಬ್ಬ ತಾಯಿ ಇದ್ದಾಳೆ)
ಐವತ್ತು ಪುಸ್ತಕ ಹೊಡೆದು ಮುಗಿದ ಮೇಲೆ ಆಚಾರ್ರು
ಕಡ್ಡಿ ಹಾಕಿ, ಸೊನ್ನೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು.
ಮತ್ತೆ ೦೦೦೧. ಅದೇ ಗುಲಾಬಿ ಕಾಗದ,
ಕಣ್ಣು ಕಾಣದ ಅದೇ ಮಕ್ಕಳ ಚಿತ್ರ.
"ತಪ್ಪಾಯ್ತಲ್ಲ ಸಾರ್?"
ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.
"ಒಂದು ಲೆಕ್ಕ ತೋರ್ಸಕ್ಕೆ. ಇನ್ನೊಂದು ಲೆಕ್ಕ ಇಲ್ದಿರಕ್ಕೆ.
ನಮ್ದು ಮುದ್ರಣ, ಅಷ್ಟೇಯ."

ಹದಿನೈದು ದಿನ ಬಿಟ್ಟು ಹೊಸ ಬಸ್‌ಸ್ಟ್ಯಾಂಡಿನಲ್ಲಿ
ಡಬ್ಬಿ ಹಿಡಿದ ಹುಡುಗ ಹತ್ತಿದ.
ನಾನೇ ಅಂಟು ಹಚ್ಚಿದ ಪುಸ್ತಕ.
ಗೊತ್ತಿದ್ದೂ ಹತ್ತು ರೂಪಾಯಿ ಕೊಟ್ಟೆ,
ಅವನ ಹಿಮ್ಮಡಿ ಒಡೆದು ರಕ್ತ ಕಟ್ಟಿತ್ತು.
೦೦೩೭ ಹರಿದು ಕೊಟ್ಟ.
ಯಾವ ೦೦೩೭ ಅಂತ ಅದಕ್ಕೂ ಗೊತ್ತಿರಲಾರದು.

ಮಿಷನ್ ಒರೆಸಲು ಬಟ್ಟೆ ಮೂಟೆಯಲ್ಲಿ ಬರುತ್ತದೆ,
ತೂಕದ ಲೆಕ್ಕ.
ಪೆನ್ಷನ್ ಮೊಹಲ್ಲಾದ ಮುಬೀನಾ ಒಂದಿನ ಹೇಳಿಕೊಟ್ಟಳು:
ಗುಂಡಿ ಬೇರೆ, ಜಿಪ್ಪು ಬೇರೆ,
ಕಾಟನ್ನಿಗೆ ಒಳ್ಳೆ ರೇಟು,
ಪಾಲಿಸ್ಟರು ಇಂಕು ಕುಡಿಯಲ್ಲಕ್ಕಾ, ಸವರುತ್ತೆ.

ಗುಡ್ಡ ಕುಸಿದ ವರ್ಷ ನಮ್ಮ ಬೀದಿಗೆ
ಅದೇ ತಾಯಿಯ ಹೆಸರಿನ ವ್ಯಾನು ಬಂದಿತ್ತು.
ಮಗಳ ಯೂನಿಫಾರಂ ಒಗೆದು,
ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟಿದ್ದೆ.
ಸುಮಂಗಲೆಗೆ ಆಗ ಒಂಬತ್ತು.
ಜೇಬಿನಲ್ಲಿ ಒಂದು ಚೀಟಿ ಇಟ್ಟಿದ್ದಳು,
ನನಗೆ ತೋರಿಸದೆ.

ಮೂಟೆ ಬಿಚ್ಚಿದಾಗ ನೀಲಿ ಚೌಕಳಿ.
ಕಂಕುಳಲ್ಲಿ ನನ್ನದೇ ಹೊಲಿಗೆ,
ದಾರ ಸಾಲದೆ ಕಪ್ಪಿನಲ್ಲಿ ಮುಗಿಸಿದ್ದು.
ಗುಂಡಿಗಳಿರಲಿಲ್ಲ.
ಜೇಬಿತ್ತು.
"ಇದನ್ನ ಹಾಕ್ಕೊಳ್ಳೋ ಹುಡುಗಿಗೆ,
ಎಡಗೈ ಗುಂಡಿ ಲೂಸು. ಹುಷಾರು.
ಮಳೆ ನಿಂತಿತಾ?"

ಎಷ್ಟು ಹೊತ್ತು ನಿಂತಿದ್ದೆನೋ.
ಹೊರಗೆ ಕಟ್ಟಿನಕೆರೆ ಮಾರ್ಕೆಟ್ಟಿನ ಗಾಡಿಗಳು,
ಕೊತ್ತಂಬರಿ ಕೂಗುವವನು, ಎಲ್ಲ ಹಾಗೇ.
ರೋಲರಿನ ಮೇಲೆ ಇಂಕು ಒಣಗುತ್ತಿತ್ತು,
ಒಣಗಿದರೆ ಸೀಮೆಎಣ್ಣೆಗೂ ಬಗ್ಗುವುದಿಲ್ಲ.
ತೋಳು ಹರಿದೆ. ಒರೆಸಿದೆ.
ಕಾಟನ್ನಲ್ಲವಾ, ಚೆನ್ನಾಗಿ ಕುಡಿಯಿತು.

ಈಗ ಆಚಾರ್ರ ಕಣ್ಣು ಮಂಜು. ಕಡ್ಡಿ ನನ್ನ ಕೈಗೆ ಬಂದಿದೆ.
ಟ್ರಸ್ಟಿನವರು ಬಂದರೆ ಏನು ಮಾಡುತ್ತೀ ಅಂತ
ನನ್ನನ್ನೇ ಕೇಳಿಕೊಳ್ಳುತ್ತೇನೆ,
ತಿಂಗಳ ಕೊನೆಯಲ್ಲಿ ಒಂದು ಉತ್ತರ,
ಸಂಬಳದ ಮಾರನೇ ದಿನ ಇನ್ನೊಂದು.

ಸುಮಂಗಲೆ ಕೇಳಿದ್ದಳು ಒಮ್ಮೆ, ಹಿಟ್ಟು ಕಲೆಸುತ್ತ,
"ನನ್ನ ಯೂನಿಫಾರಂ ಯಾರಿಗೆ ಸಿಕ್ಕಿತೋ ಅಲ್ವಾ?"
ನೀರು ಜಾಸ್ತಿಯಾಯಿತು ನೋಡು, ಅಂದೆ.

ಚೀಟಿ ಅಲ್ಲೇ ಇದೆ,
ಹಳೆಯ ಅಚ್ಚುಮೊಳೆಗಳ ಕೇಸಿನಲ್ಲಿ, ಌ ಖಾನೆಯಲ್ಲಿ.
ಇಷ್ಟು ವರ್ಷದಲ್ಲಿ ಆ ಅಕ್ಷರ ಬೇಕು ಅಂತ
ಹಾಸನದಲ್ಲಿ ಒಬ್ಬರೂ ಕೇಳಿಲ್ಲ.