ಎರಡು ಇಂಚು

ಅಂದಿಯೂರಿನ ಸಂತೆ ಮುಗಿದ ಸಂಜೆ
ಜೀಪನ್ನು ಗುಂಡಿಯ ಮೇಲೆ ನಿಲ್ಲಿಸಿದೆ.
ಕಂದವೇಲು ಟಾರ್ಚು ಬಾಯಲ್ಲಿ ಕಚ್ಚಿ ಕೆಳಗಿಳಿದ,
ತಮಿಳಿನಲ್ಲಿ ಕಮಾನಿನ ಜೊತೆ ಏನೋ ಗೊಣಗಿದ,
ಆಮೇಲೆ ಕನ್ನಡದಲ್ಲಿ ನನಗೆ:
"ಎಷ್ಟು ಎತ್ತಬೇಕು ಅಣ್ಣಾ?"

"ನಾಲ್ಕು," ಎಂದೆ. ಯೋಚಿಸಿರಲಿಲ್ಲ.
ಕೊಳ್ಳೇಗಾಲದ ಕಡೆಯಿಂದ ಬರುವ ಕರಿಯ ಜೀಪೊಂದಿದೆ,
ತಾಮರೆಕೆರೆ ತಿರುವಿನಲ್ಲಿ ಪಕ್ಕ ಹಾದಾಗ
ಅದರ ಹೊಟ್ಟೆಯಡಿಯಿಂದ ಆಚೆಯ ಬೆಟ್ಟ ಕಾಣುತ್ತದೆ.
ನನ್ನದರಡಿಗೆ ಕೋಳಿಯೂ ತಲೆ ತಗ್ಗಿಸಿ ನುಗ್ಗಬೇಕು.

ಮೇಲೆ ಬಂದು ಕೈ ಒರೆಸಿಕೊಂಡ.
"ದಿನಾ ಎಲ್ಲಿಗೆ ಓಡಿಸ್ತೀರಿ?"

ಎಲ್ಲಿಗೆ! ಹಳ್ಳದ ಕಥೆ ತೆಗೆದೆ.
ಹೋದ ಕಾರ್ತಿಕದಲ್ಲಿ ಗುಂಡುಕಲ್ಲಿಗೆ ಡಿಫ್ರೆನ್ಷಿಯಲ್ ಕುಟ್ಟಿ
ಬೆಳಗಿನವರೆಗೆ ನೀರಲ್ಲಿ ನಿಂತದ್ದು,
ಆನೆಯ ವಾಸನೆ ಹತ್ತಿರ ಹತ್ತಿರ ಬಂದದ್ದು.
ಹೇಳುತ್ತ ಹೋದಂತೆ ಕಲ್ಲು ಬೆಳೆಯಿತು, ನೀರು ಏರಿತು.

"ಕಮಾನು ಎಷ್ಟೆತ್ತಿದರೂ ಡಿಫ್ರೆನ್ಷಿಯಲ್ ಏಳಲ್ಲ ಅಣ್ಣಾ,
ಅದು ಟೈರಿನ ಲೆಕ್ಕ. ಇರಲಿ,
ಆ ಹಳ್ಳ ವರ್ಷಕ್ಕೆ ಎಷ್ಟು ದಿನ?"
ಬೆರಳು ಮಡಿಸಿದೆ. ಒಂದು ಕೈ ಸಾಕಾಯಿತು.
"ಮಿಕ್ಕ ದಿನ?"

ಮಿಕ್ಕ ದಿನ
ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು ಎಂಟು,
ಏಳೂವರೆಗೆ ನರ್ಸು ತೇನ್‌ಮೊಳಿ, ಮಡಿಲಲ್ಲಿ ಲಸಿಕೆಯ ನೀಲಿ ಪೆಟ್ಟಿಗೆ,
ಹಿಂದೆ ತಟ್ಟಕೆರೆಯ ಮಕ್ಕಳು ಹನ್ನೊಂದು,
ಒಬ್ಬನಿಗೆ ದಿನಾ ವಾಂತಿ.
ಬುಧವಾರ ದುಂಡಮ್ಮನ ಮೊಟ್ಟೆಬುಟ್ಟಿ, ಹುಲ್ಲು ಹಾಸಿದ್ದು;
ಇಳಿದು ಎಣಿಸುತ್ತಾಳೆ, ಒಡೆದದ್ದನ್ನು
ನನ್ನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾಳೆ.
ಮತ್ತೆ ಕೆಂಪಿ. ಏಳು ತಿಂಗಳಾಗಿದ್ದಾಗ
ಉಬ್ಬು ಬಂದಲ್ಲೆಲ್ಲ ಸೀಟು ಬಿಟ್ಟೆದ್ದು
ಎರಡು ಕೈಯಲ್ಲಿ ಮೇಲಿನ ಕಂಬಿಗೆ ಜೋತು
ಹೊಟ್ಟೆಯನ್ನು ಗಾಳಿಯಲ್ಲಿ ದಾಟಿಸುತ್ತಿದ್ದಳು.
ಕನ್ನಡಿಯಲ್ಲಿ ನೋಡುತ್ತಿದ್ದೆ.

ಇದ್ಯಾವುದನ್ನೂ ಹೇಳಲಿಲ್ಲ.
"ಹಾಲು, ಮಕ್ಕಳು," ಅಂದೆ ಅಷ್ಟೆ.

ಅವನೊಂದು ದಪ್ಪ ಪಟ್ಟೆ ತಂದು ಠಣ್ಣೆಂದು ನೆಲಕ್ಕೆ ಹಾಕಿದ.
"ಇದನ್ನ ಸೇರಿಸಿದರೆ ಅಗ್ಗಕ್ಕೆ ಏಳುತ್ತೆ,
ಎದ್ದದ್ದು ಬಗ್ಗಲ್ಲ. ಖಾಲಿ ಗಾಡಿ ಕತ್ತೆ ಹಾಗೆ ಒದೆಯುತ್ತೆ.
ಶ್ಯಾಕಲ್ ಉದ್ದ ಮಾಡಿದರೆ ಇನ್ನೂ ಅಗ್ಗ,
ಸ್ಟೇರಿಂಗು ಕುಡಿದವನ ಹಾಗೆ ದಾರಿ ಹುಡುಕುತ್ತೆ.
ನಾಲ್ಕಿಂಚಿಗೆ ಶಾಫ್ಟು ನಡುಗುತ್ತೆ, ಬ್ರೇಕ್ ಪೈಪು ಬಿಗಿಯುತ್ತೆ,
ಹನ್ನೊಂದು ಮಕ್ಕಳೂ ವಾಂತಿ."

ಒಳಗಿನಿಂದ ಇನ್ನೊಂದು ಸೆಟ್ಟು:
ತೆಳ್ಳಗೆ, ಉದ್ದಕ್ಕೆ, ಪಟ್ಟೆ ಪಟ್ಟೆಯ ನಡುವೆ ಸಂದು ಬಿಟ್ಟದ್ದು.
ಮೇಲೆ ಹತ್ತಿ ನಿಂತ. ಒಂದು ಬೆರಳಷ್ಟು ಬಗ್ಗಿತು.
ಇಳಿದ. ಎದ್ದಿತು, ಸದ್ದಿಲ್ಲದೆ.
"ಎರಡೇ ಇಂಚು. ಷಾಕ್‌ಅಬ್ಸಾರ್ಬರ್ ಬೇರೆ. ದುಡ್ಡು ದುಪ್ಪಟ್ಟು."

ಹೆಂಡತಿಯ ಚೀಟಿ ಎತ್ತಿದ ಹಣ ಜೇಬಿನಲ್ಲಿತ್ತು.
ಕರಿಯ ಜೀಪು ಇನ್ನೊಮ್ಮೆ ಕಣ್ಣೆದುರು ಹಾದುಹೋಯಿತು;
ಒಳಗೆ ಕೂತವರ ಮುಖ
ಒಂದು ದಿನವೂ ನೋಡಿಲ್ಲವಲ್ಲ ನಾನು.
"ಎರಡು," ಎಂದೆ.
ಅನ್ನುವಾಗ ನನ್ನ ಕುತ್ತಿಗೆಯೂ ಎರಡಿಂಚು ಇಳಿಯಿತು.

ಬುಧವಾರ ದುಂಡಮ್ಮ ಕಾಲೆತ್ತಿದಳು, ಎಟುಕಲಿಲ್ಲ.
"ಯಾರ ಕಾಲಿನ ಅಳತೆ ತಗೊಂಡು ಎತ್ತಿಸಿದೆಯೋ!"
ಬುಟ್ಟಿ ಮೊದಲು, ಆಮೇಲೆ ಅವಳು, ಆಮೇಲೆ ಅವಳ ಬೈಗುಳ.
ಇಳಿದು ಅರವತ್ತೂ ಎಣಿಸಿದಳು. ಒಂದು ಬಿರಿದಿತ್ತು.
ತಿರುಗಿಸಿ ತಿರುಗಿಸಿ ನೋಡಿ,
"ಇದು ಮನೇಲೇ ಒಡೆದದ್ದು," ಅಂದು
ಬಾಡಿಗೆ ಪೂರ್ತಿ ಕೊಟ್ಟಳು.
ಮರುದಿನ ಬಾಗಿಲಡಿಗೆ ಒಂದು ಮೆಟ್ಟಿಲು ಬೆಸೆಸಿದೆ,
ಎತ್ತಿದ್ದನ್ನು ತಗ್ಗಿಸುವ ಖರ್ಚು ಮುನ್ನೂರು.

ಕಾರ್ತಿಕದಲ್ಲಿ ಹಳ್ಳ ಬಂತು. ಕಲ್ಲು ತಗಲಿತು.
ಕಂದವೇಲು ಹೇಳಿದ್ದು ನಿಜ.
ಹಿಂದಕ್ಕೆ ತೆಗೆದು ಪಕ್ಕದಲ್ಲಿ ಹಾಯಿಸಿದೆ.

ನಿನ್ನೆ ಕೆಂಪಿ ಹತ್ತಿದಳು, ಸೊಂಟದಲ್ಲಿ ಕೂಸು.
ಚೆಕ್‌ಪೋಸ್ಟಿನ ಉಬ್ಬು ಕಂಡದ್ದೇ ತಡ
ಎದ್ದು, ಒಂದೇ ಕೈಯಲ್ಲಿ ಕಂಬಿ ಹಿಡಿದಳು.
ಮುಂದಿನ ಚಕ್ರ ಹತ್ತಿ ಇಳಿಯಿತು, ಹಿಂದಿನದು ಹತ್ತಿ ಇಳಿಯಿತು,
ಉಬ್ಬು ಹಿಂದುಳಿಯಿತು.
ಕನ್ನಡಿಯಲ್ಲಿ ಕೆಂಪಿ
ಇನ್ನೂ ನಿಂತೇ ಇದ್ದಳು.