ನೇರಳೆಯಾಚೆ

ಶೀಶೆ ಎರಡು, ಚೀಟಿ ಎರಡು.
ಡೆಜೋ ಚೆಲ್ಲಿದ ಆಲ್ಕೋಹಾಲಿಗೆ ಶಾಯಿ ಕರಗಿ
ಹೆಸರಿದ್ದಲ್ಲಿ ಈಗ ನೀಲಿ ಕಲೆ.

ಎರಡರೊಳಗೂ ಸ್ಟಿಲ್ಬೀನ್:
ಹದಿನಾಲ್ಕು ಇಂಗಾಲ, ಹನ್ನೆರಡು ಜಲಜನಕ,
ತೂಗಿ ಕರಗಿಸಿದ್ದು ಸಮಸಮ.
ಎತ್ತಿ ಹಿಡಿದರೆ ಎರಡೂ ನೀರು.
ಕಿಟಕಿಯಾಚೆ ಟಿಸಾ ನದಿಯ ಮೇಲೆ ಹೊಗೆಮಂಜು,
ಸೆಗೆಡ್ ಊರಿನ ಜನವರಿ.

ಇಬೋಯಾ ಬೈಯಲಿಲ್ಲ.
ಸ್ಫಟಿಕದ ಪುಟ್ಟ ತೊಟ್ಟಿಗೆ ಹನಿಹನಿ ತುಂಬಿ
(ಗಾಜಾದರೆ ಈ ಬೆಳಕನ್ನು ತಾನೇ ನುಂಗುತ್ತದೆ)
ಕತ್ತಲ ಗೂಡಿಗಿಟ್ಟು ಮುಚ್ಚಿದಳು.
ಅವಳ ನುಡಿಯಲ್ಲಿ ಅವಳ ಹೆಸರೆಂದರೆ
ನೇರಳೆ ಬಣ್ಣದ ಒಂದು ಹೂವು;
ಈ ಬೆಳಕಿನ ಹೆಸರು, ಆ ಹೂವಿನಾಚೆಯದು.
ಹುಡುಗರು ನಗುತ್ತಾರೆ:
ಇಬೋಯಾ ಮನೆಗೆ ಹೋದ ಮೇಲೂ ಉಳಿಯುವ ಬೆಳಕು.

ಲೇಖನಿ ಅಲುಗಿತು, ಕಾಗದ ಸರಿಯಿತು.
ಮೊದಲ ಶೀಶೆ ಏರಿ ಏರಿ
ಇನ್ನೂರ ತೊಂಬತ್ತೈದರ ಹತ್ತಿರ ಗುಡ್ಡ ಕಟ್ಟಿತು.
ಎರಡನೆಯದು ಇನ್ನೂರ ಎಂಬತ್ತಕ್ಕೇ ಸುಸ್ತಾಗಿ
ಅರ್ಧ ಎತ್ತರವೂ ಇಲ್ಲದೆ ಕೂತುಬಿಟ್ಟಿತು.

"ಇದು ಟ್ರಾನ್ಸ್. ಅದು ಸಿಸ್."
"ಅಷ್ಟು ಖಾತ್ರಿ ಹೇಗೆ?"

ಒಂದೇ ಮಗ್ಗುಲಿಗೆ ಬಿದ್ದ ಎರಡು ಉಂಗುರ
ಭುಜಕ್ಕೆ ಭುಜ ತಾಗಿ, ತಾಳಲಾರದೆ
ಒಂದು ಹೀಗೆ ಹೊರಳಿದರೆ ಇನ್ನೊಂದು ಹಾಗೆ.
ಹೊರಳಿದಷ್ಟೂ ಎಲೆಕ್ಟ್ರಾನಿನ ಹಾದಿ ಮುರುಟುತ್ತದೆ,
ಬೆಳಕನ್ನು ಅಪ್ಪಲು ತೋಳು ಸಾಲದು.
ಆಚೆಗೊಂದು ಈಚೆಗೊಂದು ಇದ್ದವೋ,
ಚಾಪೆಯ ಹಾಗೆ ಸಪಾಟು ಹಾಸಿಕೊಂಡು
ಈ ತುದಿಯಿಂದ ಆ ತುದಿಗೆ ಒಂದೇ ಉಸಿರು.

ಹೇಳುತ್ತ ಹೇಳುತ್ತ ನಿಲ್ಲಿಸಿದಳು.
ಅಕ್ಕ ಪಿರೋಷ್ಕಾ.
ಹನ್ನೊಂದು ವರ್ಷ ಒಂದೇ ಕೋಣೆ, ಒಂದೇ ಒಲೆ,
ಒಬ್ಬಳು ಗೋಡೆಗೆ, ಒಬ್ಬಳು ಬಾಗಿಲಿಗೆ ಮುಖ ಮಾಡಿ ಮಲಗಿದ್ದು.
ಹೋದ ಶರತ್ಕಾಲ ಅವಳು ಸೇತುವೆ ದಾಟಿ
ಆ ದಂಡೆಯಲ್ಲಿ ಮನೆ ಹಿಡಿದಳು.
ಈಗ ಭಾನುವಾರವೆಂದರೆ ಮೀನಿನ ಸಾರು,
ಕೊನೆಯ ಬಸ್ಸು ತಪ್ಪುವಷ್ಟು ಮಾತು.
ಡೆಜೋಗೆ ಇದನ್ನು ಹೇಳಲಿಲ್ಲ,
ಪುಸ್ತಕದಲ್ಲಿ ಬರೆಯುವ ಅಳತೆಯಲ್ಲ.

ಹೊಸ ಚೀಟಿ ಅಂಟಿಸಿದಳು, ಈ ಸಲ ಪೆನ್ಸಿಲ್ಲಿನಲ್ಲಿ ಬರೆದು.

ಊಟ ಮುಗಿಸಿ ಬಂದರೆ
ಟ್ರಾನ್ಸಿನ ತೊಟ್ಟಿ ಪಕ್ಕದ ಮೇಜಿನ
ಪಾದರಸದ ದೀಪದೆದುರು ಮರೆತೇಹೋಗಿದೆ.
ಮತ್ತೆ ಅಳೆದರು. ಗುಡ್ಡ ಕುಸಿದಿದೆ,
ಗಿಡ್ಡ ಅಲೆಗಳ ಕಡೆಗೆ ವಾಲಿದೆ.
ಗುರುತು ಹಿಡಿಯುವ ಬೆಳಕೇ
ತೋಳು ಹಿಡಿದು ಮಗ್ಗುಲು ಬದಲಿಸಿತ್ತು,
ಎಲ್ಲವನ್ನೂ ಅಲ್ಲ, ಸುಮಾರು ಪಾಲನ್ನು.

ಡೆಜೋ ರಬ್ಬರು ತೆಗೆದುಕೊಂಡು
ತೊಟ್ಟಿಯ ಚೀಟಿ ಅಳಿಸಹೋದ.
"ಇರಲಿ ಬಿಡು," ಅಂದಳು,
"ಹೆಸರಿನ ಪಕ್ಕ ಗಂಟೆ ಎಷ್ಟೆಂದು ಬರಿ."