ನಲವತ್ತರ ಹೊಂಡ

ಬೆಳಗಿನ ಆರೂವರೆ ಎಂದರೆ ಈ ಊರಲ್ಲಿ ಇನ್ನೂ ನಡುರಾತ್ರಿಯೇ.
ಬೀಗ ತೆಗೆದು, ಮೆಟ್ಟಿಲಿಗೆ ಉಪ್ಪು ಚೆಲ್ಲಿ,
ಥರ್ಮಾಮೀಟರ್ ಮುಳುಗಿಸಿ, ಹಲಗೆಯ ಮೇಲೆ ಬರೆಯುತ್ತೇನೆ:
ಕೊಳ ಇಪ್ಪತ್ತೊಂಬತ್ತು, ಬಿಸಿಹೊಂಡ ನಲವತ್ತು,
ಹೊರಗೆ ಮೈನಸ್ ಎಂಟು.
ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿ, ಕೊರಳಲ್ಲಿ ಸೀಟಿ.
ಹತ್ತೊಂಬತ್ತು ವರ್ಷದಲ್ಲಿ ಅದನ್ನು ಊದಿದ್ದು ಎರಡೇ ಸಲ,
ಎರಡು ಸಲವೂ ಮುಳುಗುವವರಿಗಲ್ಲ,
ಮೀನಿನ ಕೋಟಾ ಎಂದು ಕೈ ಮಿಲಾಯಿಸಿದವರಿಗೆ.

ಬರುತ್ತಾರೆ ಒಬ್ಬೊಬ್ಬರೇ, ಬರಿಗಾಲಲ್ಲಿ, ಹಿಮದ ಮೇಲೆ
ಕೆಂಡ ಹಾಯುವವರ ಹಾಗೆ ಕುಪ್ಪಳಿಸುತ್ತ.
ಬಂದರಿನ ಕ್ರೇನ್ ನಡೆಸುವ ಐವಿಂಡುರ್,
ಸ್ನಾನದಲ್ಲೂ ಉಣ್ಣೆ ಟೋಪಿ ತೆಗೆಯದ ನರ್ಸ್ ಸ್ಟೈನ್‌ವೋರ್,
ಪಾದ್ರಿಗಿರಿ ಬಿಟ್ಟು ಕುರಿ ಹಿಡಿದ ತ್ಯೋರ್ವಿ
(ವ್ಯತ್ಯಾಸವೇನೂ ಇಲ್ಲ ಅನ್ನುತ್ತಾನೆ),
ಕೊನೆಗೆ ದೀಪಸ್ತಂಭ ಕಾದು ನಿವೃತ್ತನಾದ ಕೆಟಿಲ್,
ದಿನಕ್ಕೊಂದು ಪ್ರಶ್ನೆ ತರುವವ.
ಕೊರಳತನಕ ನೀರು. ಮೇಲೆ ನಾಲ್ಕು ತಲೆ, ನಾಲ್ಕು ಹಬೆ.
ಯಾರ ಕಾರು ಯಾವುದು, ಯಾರ ಸಾಲ ಎಷ್ಟು,
ನೀರಿನ ಕೆಳಗೆ ಏನೂ ಕಾಣದು.

ಮೊದಲು ಬೆಣ್ಣೆಯ ಬೆಲೆ. ಆಮೇಲೆ ಬಡ್ಡಿ.
ಆಮೇಲೆ ಬೆಟ್ಟ ಕೊರೆದು ಸುರಂಗ ಮಾಡುತ್ತೇವೆಂದವರ
ಅಜ್ಜನೂ ಅದನ್ನೇ ಹೇಳಿದ್ದನೆಂಬ ನೆನಪು.
ವಾರಕ್ಕೆ ಎರಡೇ ದಿನ ಬರುವ ಡಾಕ್ಟರು.
‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಅನ್ನುವಂಥ ಮಾತು
ಇಲ್ಲಿಯವರಲ್ಲೂ ಒಂದಿದೆ; ಕುರಿಯದ್ದು, ಸ್ವಲ್ಪ ಒರಟು.
ನಡುವೆ ಕೆಟಿಲನ ಪ್ರಶ್ನೆ: ಯಾವ ಲೋಹ ಕೋಣೆಯ ಕಾವಿನಲ್ಲೂ ದ್ರವ?
ಸ್ಟೈನ್‌ವೋರ್ ತಟ್ಟನೆ: ‘ಪಾದರಸ. ಸುಲಭವಾಯ್ತು, ನಾಳೆ ಚೆನ್ನಾಗಿ ಓದಿ ಬಾ.’

ಶನಿವಾರ ಮತದಾನ. ಭಾನುವಾರ ಕೊಳಕ್ಕೆ ರಜೆ.
ಸೋಮವಾರ ಆರೂವರೆಗೆ
ಹಾಲ್‌ಫ್ರೀದುರ್ ಬಂದಳು.

ಎಂಟು ವರ್ಷ ಸಂಸತ್ತಿನಲ್ಲಿದ್ದವಳು,
ನಲವತ್ತೊಂದು ಮತಕ್ಕೆ ಸೀಟು ತಪ್ಪಿದವಳು,
ಹಳೇ ನೀಲಿ ಈಜುಡುಗೆ, ಮಂಡಿಯ ಮೇಲೆ ಬಾಲ್ಯದ ಕಲೆ.
ಬಿಸಿಹೊಂಡ ಮೌನವಾಯಿತು.
ಪಂಪಿನ ಸದ್ದು ಅಷ್ಟು ಜೋರೆಂದು ನನಗೆ ಆವತ್ತೇ ಗೊತ್ತಾದದ್ದು.
ಐವಿಂಡುರ್ ನೀರಿನತ್ತ ನೋಡಿದ,
ತ್ಯೋರ್ವಿ ಆಕಾಶ ನೋಡಿದ, ಅಲ್ಲೇನೂ ಇರಲಿಲ್ಲ.
ನಲವತ್ತೊಂದರಲ್ಲಿ ಎಷ್ಟು ಮಂದಿ ಈ ನೀರಿನಲ್ಲಿದ್ದರೋ,
ಅವಳಿಗೂ ಗೊತ್ತು; ಗೊತ್ತೆಂದು ಅವರಿಗೂ ಗೊತ್ತು.
ಗಾಜಿನ ಹಿಂದೆ ನನ್ನದೂ ಒಂದು. ನಾನೂ ಹಾಕಿರಲಿಲ್ಲ.

ಅವಳು ಇಳಿದಳು, ಮೆಲ್ಲಗೆ, ಮೊಣಕಾಲು, ಸೊಂಟ, ಭುಜ,
‘ಉಫ್’ ಅಂದಳು. ಅಷ್ಟೇ.

ಕೆಟಿಲ್ ಗಂಟಲು ಸರಿಮಾಡಿಕೊಂಡ.
‘ಗ್ರೀನ್‌ಲ್ಯಾಂಡ್ ಶಾರ್ಕ್, ಮರಿ ಹಾಕುವ ವಯಸ್ಸಿಗೆ ಬರಲು
ಎಷ್ಟು ವರ್ಷ ಬೇಕು?’
‘ಇಪ್ಪತ್ತು’ ಅಂದ ಐವಿಂಡುರ್, ಉತ್ತರ ಸಿಕ್ಕಿದ್ದಕ್ಕಿಂತ
ಮಾತು ಸಿಕ್ಕಿತೆಂಬ ಸಂತೋಷದಲ್ಲಿ.
‘ಐವತ್ತು’ ಅಂದಳು ಸ್ಟೈನ್‌ವೋರ್. ‘ಎಂಬತ್ತು’ ಅಂದ ತ್ಯೋರ್ವಿ,
‘ನಮ್ಮ ಮಾವ ಅದನ್ನು ಕೊಳೆಸಿ ತಿನ್ನುತ್ತಾನೆ, ವಯಸ್ಸು ಕೇಳುವುದಿಲ್ಲ.’

‘ನೂರೈವತ್ತು’ ಅಂದಳು ಹಾಲ್‌ಫ್ರೀದುರ್.
ಕಣ್ಣು ಮುಚ್ಚಿದ್ದಳು. ಹುಬ್ಬಿನ ಮೇಲೆ ಮಂಜು ಕೂತಿತ್ತು.
‘ಮೀನುಗಾರಿಕೆ ಸಮಿತಿಯಲ್ಲಿ ನಾಲ್ಕು ವರ್ಷ ಕೂತಿದ್ದೆ,
ಆ ಕಡತಗಳನ್ನು ಪೂರ್ತಿ ಓದಿದವಳು ನಾನೊಬ್ಬಳೇ.’

‘ಸುಮಾರು’ ಅಂದ ಕೆಟಿಲ್, ‘ಸುಮಾರು ನೂರೈವತ್ತು,
ಅಂದಾಜಷ್ಟೇ ಅನ್ನುತ್ತಾರೆ ವಿಜ್ಞಾನಿಗಳು.’
‘ಹಾಗಾದರೆ ನನಗಿನ್ನೂ ತೊಂಬತ್ತೆಂಟು ವರ್ಷ ಇದೆ’
ಅಂದಳು. ಒಂದು ಕ್ಷಣ ಯಾರೂ ನಗಲಿಲ್ಲ,
ಮೊದಲು ನಕ್ಕವಳು ಅವಳೇ. ಆಮೇಲೆ ನೀರು ಕುಲುಕಿತು.

ಆ ಮೇಲೆ ಬೆಣ್ಣೆಯ ಬೆಲೆ ಬಂತು.
ಸುರಂಗದ ಮಾತಿಗೆ ಅವಳು ಬೆರಳೆತ್ತಿದಳು,
‘ಅದಕ್ಕೆ ಹಣವಿಲ್ಲ, ಈಗ ಹೇಳಬಹುದು’ ಅಂದಳು.
ಐವಿಂಡುರ್ ಕೆಂಪಾಗಿ ಎದ್ದು ನಿಂತ, ಹೊಟ್ಟೆಯಿಂದ ಹಬೆ ಹೊರಟಿತು,
‘ಎಂಟು ವರ್ಷ ಹೇಳದೆ ಕೂತಿದ್ದೆಯಲ್ಲೇ!’

ನಾನು ಸೀಟಿಗೆ ಕೈ ಹಾಕಿದೆ.
ಊದಲಿಲ್ಲ. ಸುಮ್ಮನೆ ಬಾಯಲ್ಲಿಟ್ಟುಕೊಂಡೆ,
ತಣ್ಣಗಿತ್ತು, ತವರದ ರುಚಿ.
ನಂತರ ಹಲಗೆ ಒರೆಸಿ ಹೊಸದಾಗಿ ಬರೆದೆ:
ಹೊಂಡ ನಲವತ್ತೊಂದು.